ಮೇಡಂ ಮಲಗಿದ ಮೂರು ದಿನ

"ಕಿವಿ ಮುಟ್ಟಿ ನೋಡ್ರಿ ಸೆಕ್ರೆಟ್ರಿ, ಫ್ರಿಜ್ಜಿನಾಗಿಂದ ತೆಗ್ದಂಗೈತೆ," ಅಂದಳು ಪಕ್ಕದ ಮನೆಯ ಚಿತ್ತಮ್ಮ.

ತಿಪ್ಪೇಶ್ ಬಗ್ಗಿ ಹಸುವಿನ ಕಿವಿ ಹಿಡಿದ. ನಿಜಕ್ಕೂ ತಣ್ಣಗಿತ್ತು. ಹಸು ಕತ್ತನ್ನು ಹಿಂದಕ್ಕೆ ಹೊರಳಿಸಿ, ಮೂತಿಯನ್ನು ತನ್ನದೇ ಪಕ್ಕೆಗೆ ಒತ್ತಿಕೊಂಡು ಮಲಗಿತ್ತು, ಯಾರದೋ ಮಾತಿಗೆ ಮುನಿಸಿಕೊಂಡು ಮುಖ ತಿರುಗಿಸಿದ ಹಾಗೆ. ಹಿಂದಿನ ಸಂಜೆ ಆರು ಗಂಟೆಗೆ ಕರು ಹಾಕಿದ ಹಸು. ಹೆಣ್ಣುಗರು. ಮಾಸು ಕೂಡ ಗಂಟೆಯೊಳಗೆ ಬಿದ್ದು, ಮನೆಯ ಮಗ ಗುರುರಾಜ್ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆಯ ಆಲದ ಮರಕ್ಕೆ ನೇತುಹಾಕಿ ಬಂದಿದ್ದ. ಆಲದ ಮರದ ಹಾಲಿನ ಹಾಗೆ ಕೆಚ್ಚಲೂ ತೊಟ್ಟಿಕ್ಕಲಿ ಅಂತ. ಎಲ್ಲ ಕ್ರಮವಾಗಿಯೇ ನಡೆದಿತ್ತು. ಬೆಳಿಗ್ಗೆ ನೋಡಿದರೆ ಹಸು ಏಳುತ್ತಿಲ್ಲ.

"ಏಳವ್ವ ಮೇಡಂ, ಏಳು ನಮ್ಮವ್ವ," ಅಂತ ಮನೆಯೊಡತಿ ಕೊಟ್ರಮ್ಮ ಅದರ ಕತ್ತಿನಡಿಯ ಗಂಗೆದೊಗಲು ಸವರುತ್ತಾ ಕೂತಿದ್ದಳು.

ಹಸುವಿನ ಹೆಸರೇ ಮೇಡಂ. ಹೊಳಲ್ಕೆರೆಯ ಹೈಸ್ಕೂಲು ಮೇಡಂ ಒಬ್ಬರು ವರ್ಗವಾಗಿ ಹೋಗುವಾಗ ಕೊಟ್ಟುಹೋದ ಕರು ಅದು. 'ಮೇಡಮ್ಮೋರ ಕರು' ಅನ್ನುತ್ತಾ ಅನ್ನುತ್ತಾ ಕರುವೇ ಮೇಡಮ್ಮಾಯಿತು. ಗುಣವೂ ಹಾಗೇ. ಬೇರೆ ದನ ಮೂತಿಯಿಟ್ಟ ಬಕೀಟಿನಲ್ಲಿ ನೀರು ಮುಟ್ಟುತ್ತಿರಲಿಲ್ಲ, ಹಾಳೆ ತಿರುವಿದ ಹಾಗೆ ಹುಲ್ಲನ್ನು ಒಂದೊಂದೇ ಎಸಳು ಎಳೆದು ತಿನ್ನುತ್ತಿತ್ತು. ಶ್ರೀರಾಂಪುರಕ್ಕೆ ನಾಲ್ಕು ಮೈಲಿಯ ಆ ಊರಿನಲ್ಲಿ ಹಾಲಿನ ಡೈರಿಯ ಸೆಕ್ರೆಟರಿಯಾಗಿ ತಿಪ್ಪೇಶ್ ಒಂಬತ್ತು ವರ್ಷದಿಂದ ದಿನಕ್ಕೆರಡು ಸಲ ಎಲ್ಲರ ಹಾಲನ್ನೂ ಅಳೆದವನು. ಮೇಡಂ ಹಾಲಿನಷ್ಟು ಗಟ್ಟಿ ಹಾಲು ಅವನ ಮೆಷಿನ್ನಿಗೆ ಇನ್ನೊಂದು ಬಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕೊಟ್ರಮ್ಮನಿಗೆ ಊರಿನಲ್ಲಿ ಒಂದು ಮಾತು, ಒಂದು ಗತ್ತು ಅಂತ ಉಳಿದಿದ್ದರೆ ಅದು ಆ ಹಾಲಿನಿಂದ.

"ಡಾಕ್ಟ್ರು ಬಾಗೂರಿನ ಕಡೆ ಲಸಿಕೆ ಹಾಕ್ತಾ ಅವ್ರೆ, ಹನ್ನೆರಡಕ್ಕೆ ಬರ್ತಾರೆ," ಅಂದ ತಿಪ್ಪೇಶ್. "ಅಲ್ಲೀತನಕ ಯಾರೂ ಗಂಟಲಿಗೆ ಏನೂ ಹುಯ್ಯಬ್ಯಾಡ್ರಿ. ಹಿಂಗೆ ಮಲಗಿದ ಹಸು ನುಂಗಲ್ಲ, ಶ್ವಾಸಕ್ಕೆ ಹೋಗ್ತದೆ."

"ನೀನು ಹೇಳಿದಂಗೇ ಆಗ್ಲಪ್ಪ," ಅಂದಳು ಕೊಟ್ರಮ್ಮ. ಊರಿನಲ್ಲಿ ಹಸುವಿನ ಮಾತು ಬಂದರೆ ತಿಪ್ಪೇಶ್ ಹೇಳಿದಂಗೇ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಫೇಲಾಗಿ ಎದ್ದವನಾದರೂ, ಚಿತ್ರದುರ್ಗದಲ್ಲಿ ಮೂರು ದಿನದ ತರಬೇತಿಗೆ ಹೋಗಿ ಬಂದಮೇಲೆ ಅವನ ಮಾತಿಗೆ ಬೇರೆಯೇ ತೂಕ ಬಂದಿತ್ತು.

ಡಾಕ್ಟರ್ ಮಾರುತಿ ಬಂದಾಗ ಹನ್ನೆರಡೂವರೆ. ಬೈಕು ನಿಲ್ಲಿಸಿ, ಬಾಗಿಲಿನಿಂದಲೇ ಹಸುವಿನ ಕತ್ತು ನೋಡಿ, "ಹಾಲಿನ ಜ್ವರ," ಅಂದರು.

"ಜ್ವರಾನಾ? ಮೈ ತಣ್ಣಗೈತಲ್ರಿ," ಅಂದಳು ಚಿತ್ತಮ್ಮ.

"ಹೆಸರಿಗೆ ಜ್ವರ ಅಮ್ಮ. ಮೈಯಾಗೆ ಸುಣ್ಣದ ಅಂಶ, ಅದೇ ಕ್ಯಾಲ್ಸಿಯಂ, ಇಳಿದುಹೋಗೈತೆ. ಹಿಡ್ಕಳ್ರಿ ತಲೆ."

ಕತ್ತಿನ ನರಕ್ಕೆ ಸೂಜಿ ಹಾಕಿ, ಬಾಟಲಿಯನ್ನು ಗುರುರಾಜನ ಕೈಗೆ ಕೊಟ್ಟು, ಡಾಕ್ಟರು ಹಸುವಿನ ಎದೆಗೆ ಕಿವಿಯಿಟ್ಟು ಕೂತರು. ಔಷಧಿ ಹನಿಹನಿಯಾಗಿ ಇಳಿಯಿತು. ಅರ್ಧ ಬಾಟಲಿಗೆ ಮೇಡಂ ಒಂದು ದೊಡ್ಡ ತೇಗು ತೇಗಿತು. ಮೂಗಿನ ಮೇಲೆ ಬೆವರ ಹನಿ ಮೂಡಿತು. ಸಗಣಿ ಹಾಕಿತು. ನೆರೆದಿದ್ದ ಹೆಂಗಸರು ಮಗು ಹುಟ್ಟಿದಷ್ಟು ಸಂತೋಷಪಟ್ಟರು.

"ಈಗ ಎಬ್ಬಿಸಾಣ, ಹೂಂ, ಬಾಲ ಹಿಡೀರಿ."

ಮೇಡಂ ಹಿಂಗಾಲು ಕೊಟ್ಟು ಅರ್ಧ ಎದ್ದಿತು. ಗುರುರಾಜ್ ಯುಗಾದಿಗೆ ಮುಂಚೆ ಹಾಕಿಸಿದ ನುಣ್ಣನೆಯ ಸಿಮೆಂಟಿನ ಮೇಲೆ ಎರಡೂ ಕಾಲು ಅಗಲಕ್ಕೆ ಜಾರಿದವು. ಧೊಪ್ಪನೆ ಬಿತ್ತು. ಆಮೇಲೆ ಎಷ್ಟು ಹುರಿದುಂಬಿಸಿದರೂ ಏಳುವ ಮನಸ್ಸೇ ಮಾಡಲಿಲ್ಲ.

ಡಾಕ್ಟರು ಕೈ ತೊಳೆಯುತ್ತಾ ಕೇಳಿದರು: "ಹಾಲು ಬತ್ತಿಸಿದ ಮೇಲೆ ಏನೇನು ಕೊಟ್ರಿ ಇದಕ್ಕೆ?"

ಕೊಟ್ರಮ್ಮನ ಮುಖ ಅರಳಿತು. ಆ ಬೆಳಗಿನಿಂದ ಆಕೆ ಕಾಯುತ್ತಿದ್ದ ಪ್ರಶ್ನೆಯೇ ಅದು. "ಏನೂ ಕಮ್ಮಿ ಮಾಡಿಲ್ಲ ಸ್ವಾಮಿ. ಹಿಂಡಿ, ನುಚ್ಚು, ಹಸಿಮೇವು. ಎರಡು ತಿಂಗಳೂ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ವಿಟಮಿನ್ನು. ನನ್ನ ಬಿಪಿ ಗುಳಿಗೆ ಮರೆತಿದ್ದೀನೇನೋ, ಇವಳ ವಿಟಮಿನ್ನು ಒಂದು ದಿನ ಮರೆತಿಲ್ಲ. ನನ್ನ ಕೈಯಾರೆ ಕುಡಿಸೀನಿ."

"ಯಾವ ವಿಟಮಿನ್ನು? ತೋರಿಸ್ರಿ."

ಸೊಸೆ ಸಹನಾ ಒಳಗಿನಿಂದ ದೊಡ್ಡ ಬಿಳೀ ಕ್ಯಾನು ತಂದುಕೊಟ್ಟಳು. ಹಸು, ಕರು, ಹಸಿರು ಗುಡ್ಡದ ಚಿತ್ರ. ಡಾಕ್ಟರು ಕನ್ನಡಕ ಹಣೆಗೇರಿಸಿ ಹಿಂಬದಿಯ ಸಣ್ಣಕ್ಷರ ಓದಿದರು. "ಕ್ಯಾಲ್ಸಿಯಂ ಇರೋ ಟಾನಿಕ್ ಅಲ್ವೇನಮ್ಮಾ ಇದು? ವಿಟಮಿನ್ನೂ ಐತೆ, ಇಲ್ಲ ಅನ್ನಲ್ಲ. ಆದ್ರೆ ಇದು ಕರು ಹಾಕಿದ ಮೇಲೆ ಕೊಡೋದು. ಈಯೋಕೆ ಮುಂಚೆ ಕೊಡು ಅಂದೋರು ಯಾರು?"

ತಿಪ್ಪೇಶ್ ಕೊಟ್ರಮ್ಮನ ಮುಖ ನೋಡಿದ. ಅವನು ತನ್ನ ಹೆಸರಿಗಾಗಿ ಕಾದ.

"ಯಾರು ಹೇಳ್ಬೇಕು ಸ್ವಾಮಿ?" ಅಂದಳು ಕೊಟ್ರಮ್ಮ. "ಬಸುರಿ ಹೆಂಗಸ್ರಿಗೆ ಆಶಾ ಅಕ್ಕ ಕ್ಯಾಲ್ಸಿಯಂ ಗುಳಿಗೆ ಕೊಡಲ್ವಾ? ಹಸು ಏನು ಪಾಪ ಮಾಡೈತೆ?"

ಅದು ಅಕ್ಷರಶಃ ಅವನದೇ ಮಾತು. ಎರಡು ತಿಂಗಳ ಹಿಂದೆ, ಡೈರಿಯ ಕಟ್ಟೆಯ ಮೇಲೆ, ಹಾಲಿನ ಸಾಲಿನಲ್ಲಿ ನಿಂತ ಹೆಂಗಸರಿಗೆ ಅವನು ವಿಟಮಿನ್ ಪಾಠ ಮಾಡಿದ್ದ. ಎ ಅಂದರೆ ಕಣ್ಣಿಗೆ, ಡಿ ಅಂದರೆ ಎಲುಬಿಗೆ, ಇ ಅಂದರೆ ಮಾಸು ಬೀಳೋದಕ್ಕೆ. "ಬಿ ಎಲ್ಲೋಯ್ತಪ್ಪ, ರಜೆ ಹಾಕೈತಾ?" ಅಂತ ಚಿತ್ತಮ್ಮ ಕೇಳಿದ್ದಳು. "ಬಿ ವಿಟಮಿನ್ ಹಸೂನೇ ತನ್ನ ಹೊಟ್ಟ್ಯಾಗೆ ತಯಾರು ಮಾಡ್ಕಂತದೆ ಚಿತ್ತಕ್ಕ, ನಿನ್ನಂಗೆ ಅಂಗಡಿಗೆ ಓಡಲ್ಲ" ಅಂದಿದ್ದಕ್ಕೆ ಕಟ್ಟೆಗೆ ಕಟ್ಟೆಯೇ ನಕ್ಕಿತ್ತು. ಆ ನಗುವಿನ ಹುರುಪಿನಲ್ಲೇ ಅವನು ಬಿಳೀ ಕ್ಯಾನು ಎತ್ತಿ ತೋರಿಸಿದ್ದ. ತರಬೇತಿಯಲ್ಲಿ ಹೇಳಿದ್ದು ವಿಟಮಿನ್ ಪುಡಿ ಮೊದಲು, ಟಾನಿಕ್ ಕರು ಹಾಕಿದ ಮೇಲೆ ಅಂತ. ಯಾಕೆ ಅಂತಲೂ ಹೇಳಿದ್ದರು. ಊಟದ ಮೇಲಿನ ಕ್ಲಾಸು, ಅವನಿಗೆ ತೂಕಡಿಕೆ. ನೆನಪಿನ ಆ ತೂತಿಗೆ ಅವನು ಆಶಾ ಅಕ್ಕನ ಗುಳಿಗೆ ತಂದು ಮುಚ್ಚಿದ್ದ. ಎಷ್ಟು ಸಲೀಸಾಗಿ ಕೂತಿತೆಂದರೆ ಅವನಿಗೇ ಅದು ಪಾಠದ ಮಾತೇ ಅನ್ನಿಸಿಬಿಟ್ಟಿತ್ತು. ಕೊಟ್ರಮ್ಮನೂ ಅದನ್ನು ನಾಲ್ಕಾರು ಮನೆಯಲ್ಲಿ ಹೇಳಿ ಹೇಳಿ ಈಗ ತನ್ನ ಮಾತೇ ಮಾಡಿಕೊಂಡಿದ್ದಳು.

ಹೆಸರು ಬರಲಿಲ್ಲ. ತಿಪ್ಪೇಶ್ ಉಸಿರು ಬಿಟ್ಟ. ಬಾಯಿ ಬಿಡಲಿಲ್ಲ.

ಬೈಕಿನ ಹತ್ತಿರ ಡಾಕ್ಟರು ದನಿ ತಗ್ಗಿಸಿದರು. "ನೋಡ್ರಿ ಸೆಕ್ರೆಟ್ರಿ. ಮನೆ ಬಾಗಿಲಿಗೆ ದಿನಾ ಟ್ಯಾಂಕರ್ ಬಂದ್ರೆ ಬಾವಿ ಸೇದೋ ಹಗ್ಗ ಎಲ್ಲೈತೆ ಅಂತ ಮರೀತೀವಲ್ಲ, ಹಸು ಮೈಯೂ ಹಂಗೇ. ಎರಡು ತಿಂಗಳು ಬಾಯಿಗೆ ಸುಣ್ಣ ಸುರಿದ್ರೆ, ತನ್ನ ಎಲುಬಿನಾಗಿಂದ ಸುಣ್ಣ ತೆಗೆಯೋದು ಮರೆತುಬಿಡ್ತದೆ. ಈದ ದಿನ ಹಾಲಿಗೆ ಒಮ್ಮೆಲೇ ಬೇಕು. ಟ್ಯಾಂಕರ್ ಸಾಲಲ್ಲ, ಹಗ್ಗ ಸಿಗಲ್ಲ. ಅದರ ಮೇಲೆ ಗಿಣ್ಣು ಗಿಣ್ಣು ಅಂತ ಒಂದು ತೊಟ್ಟೂ ಬಿಡದಂಗೆ ಹಿಂಡ್ಯಾರೆ."

"ಏಳ್ತದಾ ಸಾರ್?"

"ಬೆಳಿಗ್ಗೆ ಆರಕ್ಕೇ ಸಿಕ್ಕಿದ್ರೆ ಎದ್ದು ಓಡ್ತಿತ್ತು. ಈಗ ತೊಡೆ ಕೆಳಗಿನ ಮಾಂಸ ಜಜ್ಜಿಹೋಗೈತೆ. ಮಗ್ಗುಲು ಬದಲಾಯಿಸ್ತಾ ಇರ್ರಿ, ಕೆಳಗೆ ಹುಲ್ಲು ಹಾಸ್ರಿ. ನಾಳೆ ಬರ್ತೀನಿ." ಕಿಕ್ಕು ಹೊಡೆದು, ಮತ್ತೆ ನಿಲ್ಲಿಸಿ ಅಂದರು: "ಊರಾಗೆ ಎಲ್ಲರಿಗೂ ಹೇಳ್ರಿ. ನೀವು ಹೇಳಿದ್ರೆ ಕೇಳ್ತಾರೆ."

ಬೈಕಿನ ಹತ್ತಿರದ ಈ ಮಾತನ್ನು ಚಿತ್ತಮ್ಮ ಬೇಲಿಯಾಚೆಯಿಂದ ಅರ್ಧ ಕೇಳಿಸಿಕೊಂಡಿದ್ದಳು. ಟ್ಯಾಂಕರು, ಬಾವಿ, ಹಗ್ಗ ಅವಳ ಕಿವಿಗೆ ಹತ್ತಿರಲಿಲ್ಲ. 'ಒಂದು ತೊಟ್ಟೂ ಬಿಡದಂಗೆ ಹಿಂಡ್ಯಾರೆ' ಮಾತ್ರ ಹತ್ತಿತ್ತು, ಸಂಜೆಯೊಳಗೆ ಅದೇ ಊರ ಮಾತಾಯಿತು.

ಹಿಂಡಿದವಳು ಸಹನಾ. ಮದುವೆಯಾಗಿ ಎಂಟು ತಿಂಗಳು. ಭರಮಸಾಗರದ ಹುಡುಗಿ, ಕೆರೆಯ ಹಿಂದಿನ ತೌರುಮನೆಯಲ್ಲಿ ನಾಲ್ಕು ಹಸು ಕರೆಯುತ್ತಿದ್ದವಳು. "ಅವಳ ಕೈಗುಣ ಒಳ್ಳೇದು, ಒದೆಯೋ ಹಸೂನೂ ಅವಳು ಕುಂತ್ರೆ ಸೊರ ಬಿಟ್ಟು ಹಾಲು ಇಳಿಸ್ತದೆ" ಅಂತ ಅವರಪ್ಪ ಹೇಳಿದ್ದ ಮಾತನ್ನು ಇದೇ ಕೊಟ್ರಮ್ಮ ಊರೆಲ್ಲ ಡಂಗುರ ಹೊಡೆದಿದ್ದಳು. ಮೇಡಂ ಈದ ಸಂಜೆ, "ಒಂದು ಹನಿ ಉಳಿಸಬ್ಯಾಡ, ಕೆಚ್ಚಲು ಬಾತ್ಕಂತದೆ, ಹನ್ನೊಂದು ಮನೆಗೆ ಗಿಣ್ಣು ಕೊಡ್ಬೇಕು" ಅಂದವಳೂ ಕೊಟ್ರಮ್ಮನೇ. ಸಹನಾ ತಂಬಿಗೆಯ ಮೇಲೆ ತಂಬಿಗೆ ತುಂಬಿದ್ದಳು. ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣು ಹನ್ನೊಂದು ಮನೆಗೂ ಹೋಗಿತ್ತು. ತಿಪ್ಪೇಶನೂ ಒಂದು ಬಟ್ಟಲು ತಿಂದಿದ್ದ.

ಎರಡನೇ ದಿನಕ್ಕೆ ಅಂಗಳ ಸಾವಿನ ಮನೆಯಂತಾಯಿತು. ಬಂದವರೆಲ್ಲ ಹಸುವನ್ನು ನೋಡಿ, ಆಮೇಲೆ ಸೊಸೆಯನ್ನು ನೋಡಿ ಕೂರುತ್ತಿದ್ದರು. ತಿಪ್ಪೇಶ್ ಡೈರಿಗೆ ಹೆಂಡತಿಯನ್ನು ಕೂರಿಸಿ ಬಂದು, ಗುರುರಾಜನ ಜೊತೆ ಸೇರಿ ಎರಡು ಗಂಟೆಗೊಮ್ಮೆ ಹಸುವಿನ ಮಗ್ಗುಲು ಬದಲಾಯಿಸಿದ. ರಾಗಿ ಹುಲ್ಲು ಹಾಸಿದ, ಗೋಣಿ ಹಾಸಿದ, ತೊಡೆಗೆ ಹರಳೆಣ್ಣೆ ತಿಕ್ಕಿದ. ಡಾಕ್ಟರು ಬಂದು ಇನ್ನೊಂದು ಬಾಟಲಿ ಏರಿಸಿ, ವಿಟಮಿನ್ ಸೂಜಿ ಚುಚ್ಚಿ ಹೋದರು.

"ಸೆಕ್ರೆಟ್ರಿ ಪುಣ್ಯಾತ್ಮ ಕಣ್ರಿ," ಅಂದಳು ಚಿತ್ತಮ್ಮ. "ತನ್ನ ಹಸೂಗಾದ್ರೂ ಇಷ್ಟು ಮಾಡ್ತಿದ್ನೋ ಇಲ್ವೋ."

"ನಮ್ಮ ಮನ್ಯಾಗೆ ಇರೋರಿಗೇ ಇಲ್ಲವಲ್ಲ ಆ ಕರುಳು," ಅಂದಳು ಕೊಟ್ರಮ್ಮ. "ಹಿಂಡು ಅಂದೆ ಕಣವ್ವ, ಇಲ್ಲ ಅನ್ನಲ್ಲ. ಜೀವ ಹಿಂಡು ಅಂದ್ನಾ? ನಾನು ಇಪ್ಪತ್ತು ವರ್ಷ ಕರೆದೆ, ಒಂದಾದ್ರೂ ಹಿಂಗೆ ಮಲಗಿತ್ತಾ? ಲೇ ಗುರು, ಇವಳನ್ನ ಕೊಟ್ಟಿಗೆ ಹತ್ರ ಬಿಡಬ್ಯಾಡ. ಕರೂನೂ ಮುಟ್ಟೋದು ಬ್ಯಾಡ."

ಗುರುರಾಜ್ ಹೆಂಡತಿಯ ಕಡೆ ನೋಡಲಿಲ್ಲ. ಅವನು ಯಾವಾಗಲೂ ಗಟ್ಟಿ ದನಿ ಇದ್ದ ಕಡೆ ವಾಲುವವನು.

ನೀರು ತರಲು ತಿಪ್ಪೇಶ್ ಹಿತ್ತಲ ತೊಟ್ಟಿಗೆ ಹೋದಾಗ ಸಹನಾ ಅಲ್ಲಿ ಬರಿಗೈಯಲ್ಲಿ ನಿಂತಿದ್ದಳು.

"ಅಣ್ಣ, ನೀವು ತಿಳಿದೋರು. ನಿಜ ಹೇಳ್ರಿ. ನಾನು ಹಿಂಡಿದ್ದಕ್ಕೇ ಹಿಂಗಾಯ್ತಾ?"

ಅವನಿಗೆ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದರ ಹಿಂದೆಯೇ ಡೈರಿಯ ಕಟ್ಟೆ ಬಂತು. ಆ ಸಾಲಿನಲ್ಲಿ ನಿಂತ ಅರವತ್ತು ಹೆಂಗಸರು. ಸೆಕ್ರೆಟ್ರಿ ಹೇಳಿದ್ದು ಕೇಳಿ ಹಸು ಸತ್ತಿತಂತೆ ಅನ್ನುವ ಒಂದು ಮಾತು ಸಾಲಿನ ತುದಿಯಿಂದ ತುದಿಗೆ ಹೋಗಲು ಎಷ್ಟು ಹೊತ್ತು? ಹಸು ಇನ್ನೂ ಬದುಕಿದೆ, ನಾಳೆ ಎದ್ದರೆ ಎಲ್ಲ ಮರೆತುಹೋಗುತ್ತದೆ ಅಂತಲೂ ಅನ್ನಿಸಿತು.

"ಅದೂ ಒಂದು ಕಾರಣವ್ವ," ಅಂದ.

"ಅದೂ ಅಂದ್ರೆ? ಇನ್ನೇನೈತೆ?"

"ಇರ್ತವೆ ಒಂದೆರಡು. ಈಗ ಅದೆಲ್ಲ ಯಾಕೆ, ಮೊದ್ಲು ಹಸು ಏಳ್ಲಿ."

ಅವಳು ತಲೆಯಾಡಿಸಿದಳು. ಬಕೀಟು ಎತ್ತಿಕೊಡಲು ಕೈ ಚಾಚಿ, ಏನೋ ನೆನಪಾದವಳಂತೆ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ, ಡೈರಿಯ ಸಾಲು ಇನ್ನೂ ಕರಗುವ ಮೊದಲೇ, ಸುದ್ದಿ ಬಂತು. ತಿಪ್ಪೇಶ್ ಲೆಕ್ಕದ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡೇ ಓಡಿದ. ಮೇಡಂ ನಾಲ್ಕೂ ಕಾಲು ಚಾಚಿ ಮಲಗಿತ್ತು. ಕಣ್ಣು ತೆರೆದೇ ಇತ್ತು, ಅದರ ಮೇಲೆ ಆಗಲೇ ಒಂದು ನೊಣ. ಕೊಟ್ರಮ್ಮ ಅಳುತ್ತಿರಲಿಲ್ಲ. ಹಸುವಿನ ಹಣೆಗೆ ವಿಭೂತಿ ಹಚ್ಚುತ್ತಾ, ಗೆರೆ ಸೊಟ್ಟಗಾದಾಗಲೆಲ್ಲ ಸೆರಗಿನಿಂದ ಒರೆಸಿ ಮತ್ತೆ ಹಚ್ಚುತ್ತಿದ್ದಳು.

"ಬಂತು ನನ್ನ ಮನೆಗೆ ಲಕ್ಷ್ಮಿ ಅಂದೆ," ಅಂದಳು ಯಾರಿಗೂ ಅಲ್ಲದೆ. "ಇದ್ದ ಲಕ್ಷ್ಮೀನ ಕರ್ಕೊಂಡು ಹೋಯ್ತು ಆ ಕೈ. ಗುರು, ಅವಳ ಬಟ್ಟೆ ಗಂಟು ಕಟ್ಟು. ತೌರಿಗೆ ಬಿಟ್ಟು ಬಾ."

ಅಡುಗೆಮನೆಯ ಬಾಗಿಲಲ್ಲಿ ಸಹನಾ ನಿಂತಿದ್ದಳು. ತಿಪ್ಪೇಶನಿಗೆ ಇನ್ನು ತಡೆಯಲಾಗಲಿಲ್ಲ.

"ಕೊಟ್ರಕ್ಕ, ಅವಳ ತಪ್ಪಲ್ಲ. ನಂದು."

ಎಲ್ಲರೂ ತಿರುಗಿದರು.

"ಟಾನಿಕ್ಕಿಂದ ಆಗಿದ್ದು. ಈಯೋಕೆ ಮುಂಚೆ ಕೊಡಬಾರ್ದಿತ್ತು. ಕೊಡ್ರಿ ಅಂತ ನಾನೇ ಹೇಳಿದ್ದು, ಡೈರಿ ಕಟ್ಟೆ ಮ್ಯಾಲೆ. ನಂಗೆ ಪಾಠ ತಪ್ಪಾಗಿ ನೆನಪಿತ್ತು. ಡಾಕ್ಟ್ರು ಮೊನ್ನೇನೇ ನಂಗೆ ಹೇಳಿದ್ರು. ನಾನು ಬಾಯಿ ಮುಚ್ಕೊಂಡು ಕುಂತೆ."

ಬೈಗುಳಕ್ಕೆ, ಬೇಕಾದರೆ ಹೊಡೆತಕ್ಕೂ, ಅವನು ಮೈ ಗಟ್ಟಿ ಮಾಡಿಕೊಂಡ. ಕೊಟ್ರಮ್ಮ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಮನಸ್ಸಪ್ಪ ನಿಂದು," ಅಂದಳು. ಆಗ ಅವಳ ಕಣ್ಣು ತುಂಬಿತು. "ಪರರ ಮನೆ ಹುಡುಗಿ ಮರ್ಯಾದೆಗೆ ನಿನ್ನ ಹೆಸರು ಕೆಡಿಸ್ಕಂತೀಯಲ್ಲೋ."

"ಹಂಗಲ್ಲ ಅಕ್ಕ, ಸತ್ಯವಾಗ್ಲೂ..."

"ಸುಮ್ನಿರು. ವಿಟಮಿನ್ನಿಂದ ಹಸು ಸಾಯ್ತದಾ? ಎಲ್ಲಾದ್ರೂ ಕೇಳೀಯಾ? ಆ ಕ್ಯಾನಿನ ಒಂದೊಂದು ಲೋಟಾನೂ ನನ್ನ ಕೈಯಾರೆ ಕುಡಿಸಿದೀನಿ. ದೇವರ ಹೆಸರು ಹೇಳ್ಕಂತ, ಇದರ ಗಂಟಲು ನೀವಿ ನೀವಿ ಕುಡಿಸಿದೀನಿ. ಅದು ವಿಷ ಅಂದ್ರೆ..." ಅವಳ ದನಿ ಅಲ್ಲಿಗೆ ಕಡಿದುಹೋಯಿತು. ಮತ್ತೆ ಬಂದಾಗ ಅದು ಬೇರೆಯವರ ದನಿಯ ಹಾಗಿತ್ತು. "ಹಂಗನ್ನಬ್ಯಾಡ ತಿಪ್ಪೇಶ. ನಿನ್ನ ಕಾಲಿಗೆ ಬೀಳ್ತೀನಿ. ಇನ್ನೊಂದ್ಸಲ ಹಂಗನ್ನಬ್ಯಾಡ."

ಹಿಡಿದ ಕೈ ಅವನ ಕೈಯನ್ನು ಹಿಸುಕುತ್ತಿತ್ತು. ಆಕೆಗೆ ಅವನ ಮಾತು ಅರ್ಥವಾಗಿಲ್ಲ ಅಂತಲ್ಲ, ಚೆನ್ನಾಗಿ ಅರ್ಥವಾಗಿದೆ ಅನ್ನುವುದು ತಿಪ್ಪೇಶನಿಗೆ ಆ ಹಿಡಿತದಲ್ಲಿ ತಿಳಿಯಿತು. ತಪ್ಪು ಅವನ ಬಾಯಿಂದ ಹೊರಟಿದ್ದರೂ ಹಸುವಿನ ಗಂಟಲಿಗೆ ಇಳಿದದ್ದು ಯಾರ ಕೈಯಿಂದ? ಆ ಕೈಯನ್ನು ಹೊತ್ತುಕೊಂಡು ಈ ಹೆಂಗಸು ಬದುಕಲಾರಳು. ಅದಕ್ಕೆ ಇನ್ನೊಂದು ಕೈ ಬೇಕಾಗಿತ್ತು.

"ದೇವರಂಥೋನು," ಅಂದಳು ಚಿತ್ತಮ್ಮ ಮೂಗು ಒರೆಸಿಕೊಳ್ಳುತ್ತಾ. ಉಳಿದವರೂ ಹೌದು ಹೌದು ಅಂದರು. ಆ ಸಂಜೆ ಡೈರಿಯ ಸಾಲಿನಲ್ಲಿ ತುದಿಯಿಂದ ತುದಿಗೆ ಹೋದ ಮಾತು ಅದೇ. ತಿಪ್ಪೇಶ್ ಒಬ್ಬೊಬ್ಬರ ಹಾಲು ಅಳೆಯುವಾಗಲೂ "ಗಬ್ಬದ ಹಸೂಗೆ ಬಿಳೀ ಕ್ಯಾನಿಂದು ಕೊಡಬ್ಯಾಡ್ರಿ" ಅಂದ. "ಆಯ್ತಪ್ಪ, ಆಯ್ತು" ಅಂದರು ಅವರು, ಕಾಯಿಲೆಯವರ ಮಾತಿಗೆ ಹೂಂಗುಟ್ಟುವ ಹಾಗೆ. ಚಿತ್ತಮ್ಮನ ಹಸು ಬರುವ ತಿಂಗಳು ಈಯಬೇಕು. "ಕ್ಯಾನಿನಾಗೆ ಇನ್ನೂ ಅರ್ಧ ಐತಲ್ಲಪ್ಪ, ಚೆಲ್ಲಕ್ಕಾಗ್ತದಾ?" ಅಂದು ಅವಳು ಪಾತ್ರೆ ಎತ್ತಿಕೊಂಡು ಹೋದಳು.

ಎರಡು ದಿನ ಬಿಟ್ಟು, ಹತ್ತೂವರೆಯ ಹೊಸದುರ್ಗದ ಬಸ್ಸಿಗೆ ಸಹನಾ ನಿಂತಿದ್ದಳು. ಒಂದು ಸೂಟ್‌ಕೇಸು, ಒಂದು ಪ್ಲಾಸ್ಟಿಕ್ ಬ್ಯಾಗು. ಗುರುರಾಜ್ ಸಾಮಾನು ಇಳಿಸಿ, ತೆಂಗಿನಕಾಯಿ ಲೋಡಿನ ಕೆಲಸವಿದೆ ಅಂತ ಬೈಕು ತಿರುಗಿಸಿಕೊಂಡು ಹೋಗಿಬಿಟ್ಟಿದ್ದ. ತಿಪ್ಪೇಶ್ ಡೈರಿಯ ಬಾಗಿಲು ಎಳೆದು ರಸ್ತೆ ದಾಟಿ ಬಂದ.

"ನಾನು ಬಿಡಲ್ಲ ಸಹನಾ. ಡಾಕ್ಟ್ರನ್ನೇ ಕರ್ಕೊಂಬಂದು ಅವರ ಬಾಯಿಂದ್ಲೇ ಹೇಳಿಸ್ತೀನಿ. ನಿಮ್ಮೂರಿಗೂ ಬಂದು ನಿಮ್ಮಪ್ಪಂಗೂ ಹೇಳ್ತೀನಿ."

"ಬ್ಯಾಡ್ರಿ ಅಣ್ಣ."

"ಯಾಕವ್ವ? ನಿಂದು ತಪ್ಪಿಲ್ಲ ಅಂತ ನಿಂಗಾದ್ರೂ ಗೊತ್ತೈತಲ್ಲ."

ಅವಳು ರಸ್ತೆಯ ಕಡೆಗೇ ನೋಡುತ್ತಿದ್ದಳು. "ತೊಟ್ಟಿ ಹತ್ರ ನಿಮ್ಮನ್ನ ಕೇಳಿದೆ. ಅದೂ ಒಂದು ಕಾರಣ ಅಂದ್ರಿ. ಅವತ್ತು ಇಡೀ ದಿನ ಅದನ್ನೇ ಇಟ್ಕೊಂಡು ಕುಂತಿದ್ದೆ. ಮಾರನೇ ದಿನ ಅಲ್ಲ ಅಂದ್ರಿ. ಯಾವ್ದು ನಂಬ್ಲಿ?"

"ಎರಡನೇದು ನಂಬು. ನಾನು ಹೆದರ್ಕೊಂಡಿದ್ದೆ."

"ನಂಬಾಕೆ ನೋಡಿದೆ ಅಣ್ಣ. ಆಗಲ್ಲ. ಆ ಕರು ಕೂಗಿದ್ರೆ ನನ್ನ ಬೆರಳು ಉರೀತವೆ. ನೀವೂ ನನ್ನ ಮೇಲಿನ ಕರುಣೆಗೆ ಹೇಳ್ತಾ ಇದೀರ ಅಂತ್ಲೇ ಅನ್ನಿಸ್ತೈತೆ."

ಇಷ್ಟು ವರ್ಷ ಅವನು ಹೇಳಿದ್ದನ್ನೆಲ್ಲ ಜನ ನಂಬಿದ್ದರು.

ಬಸ್ಸು ಬಂತು. ಶ್ರೀರಾಂಪುರದಲ್ಲೇ ತುಂಬಿಕೊಂಡು ಬಂದಿದ್ದರೂ ಯಾರೋ ಇಳಿದು, ಸಹನಾಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಿಪ್ಪೇಶ್ ಸೂಟ್‌ಕೇಸು ಒಳಗೆ ತಳ್ಳಿ ಕೆಳಗೆ ನಿಂತ. ಕೊನೆಯಲ್ಲಿ ಓಡಿಬಂದ ಒಬ್ಬಳು ಹೆಂಗಸು, ಬಗಲಲ್ಲಿ ಎರಡು ಚೀಲ, ಬಾಗಿಲಿನ ನೂಕುನುಗ್ಗಲು ನೋಡಿ, ಹೊರಗಿನಿಂದಲೇ ತನ್ನ ಕೂಸನ್ನು ಎತ್ತಿ ಸಹನಾಳ ಕಿಟಕಿಗೆ ಹಿಡಿದಳು. ಸಹನಾ ಕೈ ಚಾಚಲಿಲ್ಲ. ಕೂಸು ಗಾಳಿಯಲ್ಲಿ ಕಾಲಾಡಿಸುತ್ತಾ ತೂಗಿತು. ಕಂಡಕ್ಟರ್ ಸೀಟಿ ಊದಿದ. ಆಗ ಅವಳು ಸೆರಗನ್ನು ಎಳೆದು ಎರಡೂ ಅಂಗೈಗೆ ಸುತ್ತಿಕೊಂಡು, ಬೆರಳು ತಾಗದ ಹಾಗೆ ಕೂಸನ್ನು ಒಳಗೆ ತೆಗೆದುಕೊಂಡಳು.